ಹಳ್ಳ ಇಳಿಯುವ ತನಕ

ಧಾರವಾಡ ಜಿಲ್ಲೆಯ ನವಲಗುಂದ ಸೀಮೆಯ ಮಾಸ್ತರರೊಬ್ಬರು 1980ರ ದಶಕದ ಆರಂಭದಲ್ಲಿ ಪೂರ್ವ ಆಫ್ರಿಕದ ಟಾಂಜಾನಿಯಾಕ್ಕೆ ಗಣಿತ, ಭೌತವಿಜ್ಞಾನ ಕಲಿಸಲು ಹೋದರು. ಇಥಿಯೋಪಿಯಾ, ನೈಜೀರಿಯಾ, ಜಾಂಬಿಯಾ ಎಂದು ನಮ್ಮ ಕಡೆಯ ಮಾಸ್ತರರು ಗಂಟುಮೂಟೆ ಕಟ್ಟುತ್ತಿದ್ದ ಕಾಲ ಅದು. ಇವರಿಗೆ ಸಿಕ್ಕಿದ್ದು ದೊಡೊಮಾ ಪಟ್ಟಣದಿಂದ ದಕ್ಷಿಣಕ್ಕೆ, ಇರಿಂಗಾ ರಸ್ತೆಯಲ್ಲಿ ಅರವತ್ತು ಕಿಲೋಮೀಟರು ಹೋಗಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಹೈಸ್ಕೂಲು. ದೊಡೊಮಾ 1973ರಲ್ಲೇ ರಾಜಧಾನಿಯೆಂದು ಘೋಷಿತವಾಗಿತ್ತು, ನಿಜ. ಆದರೆ ಈ ರಸ್ತೆಗೆ ಡಾಂಬರಿನ ಪರಿಚಯವಿರಲಿಲ್ಲ. ಊರಿನವರು ಅವರನ್ನು ‘ಮ್ವಾಲಿಮು’ ಎಂದು ಕರೆಯತೊಡಗಿದರು. ಸ್ವಾಹಿಲಿಯಲ್ಲಿ ಮ್ವಾಲಿಮು ಎಂದರೆ ಮಾಸ್ತರ. ಅಲ್ಲಿನ ಜನ ತಮ್ಮ ಅಧ್ಯಕ್ಷ ಜೂಲಿಯಸ್ ನ್ಯೆರೆರೆಯವರನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ನಮ್ಮ ಮಾಸ್ತರರು ಇದನ್ನು ಊರಿಗೆ ಬರೆದ ಮೊದಲ ಕಾಗದದಲ್ಲೇ ತಿಳಿಸಿದರು.

ಊರಲ್ಲಿ ಅವರು ಹೊಡೆದದ್ದು ಸೈಕಲ್ಲು ಮತ್ತು ಚಕ್ಕಡಿ ಮಾತ್ರ. ಅಲ್ಲಿ ವಾಹನವಿಲ್ಲದೆ ಬೇಳೆ, ಅಕ್ಕಿ, ಅಂಚೆ ಯಾವುದೂ ಕೈಗೆ ಸಿಗುವಂತಿರಲಿಲ್ಲ. ದೇಶ ಬಿಟ್ಟು ಹೊರಟಿದ್ದ ಇನ್ನೊಬ್ಬ ಶಿಕ್ಷಕರಿಂದ ಹಳೆಯ ಪೆಜೊ 404 ಕಾರೊಂದನ್ನು ಕೊಂಡರು. ಅದರ ಗೇರು ನಮ್ಮ ಹಳೆಯ ಅಂಬಾಸಡರ್ ಕಾರಿನ ಹಾಗೆ ಸ್ಟೇರಿಂಗಿನ ಬುಡದಲ್ಲೇ ಇತ್ತು. ಮಾರುವವರು ಬೆಲೆ ಇಳಿಸಲಿಲ್ಲ. “ಇದು ಸಫಾರಿ ಗೆದ್ದ ಜಾತಿಯ ಗಾಡಿ” ಎಂದರು.

ಆ ಮಾತು ಸುಳ್ಳಲ್ಲ. ಪೂರ್ವ ಆಫ್ರಿಕದ ಸಫಾರಿ ರ್‍ಯಾಲಿ 1953ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ನೆನಪಿಗೆ ಶುರುವಾದ ಕಾರು ಓಟ. ಬಹುಕಾಲ ಅದು ನಡೆಯುತ್ತಿದ್ದದ್ದು ಈಸ್ಟರ್ ಹಬ್ಬದ ಸುಮಾರಿಗೆ, ಅಂದರೆ ಕೀನ್ಯಾದ ದೊಡ್ಡ ಮಳೆಗಾಲ ಹತ್ತುವ ಹೊತ್ತಿಗೆ. 1963ರಲ್ಲಿ ಹೊರಟ 84 ಕಾರುಗಳಲ್ಲಿ ಕೊನೆ ಮುಟ್ಟಿದ್ದು 7. 1968ರಲ್ಲಿ ತೊಂಬತ್ತಕ್ಕೂ ಹೆಚ್ಚು ಕಾರುಗಳು ಹೊರಟಾಗ ಮುಟ್ಟಿದ್ದು ಮತ್ತೆ 7. ಎರಡು ಸಲವೂ ಗೆದ್ದದ್ದು ಪೆಜೊ 404. ನಡುವೆ 1966, 1967ರಲ್ಲೂ ಅದೇ. ಕೀನ್ಯಾದ ಕೆರಿಚೊದಲ್ಲಿ ಹುಟ್ಟಿದ ಸಿಖ್ಖರಾದ ಜೋಗಿಂದರ್ ಸಿಂಗ್ 1965ರಲ್ಲಿ ಒಂದು ಹಳೆಯ ವೋಲ್ವೊ ಕಾರಿನಲ್ಲಿ, ಮುಂದೆ 1974 ಮತ್ತು 1976ರಲ್ಲಿ ಮಿತ್ಸುಬಿಷಿಯಲ್ಲಿ ಇದನ್ನು ಗೆದ್ದರು. ಗೆದ್ದ ಏಳರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕೆಸರಿನಲ್ಲಿ ಕೂತ 77 ಕಾರುಗಳ ಕಥೆಯನ್ನೂ ಯಾರಾದರೂ ಕೂಡಿಸಿಟ್ಟಿದ್ದರೆ ಹೊಸದಾಗಿ ಆ ದೇಶಕ್ಕೆ ಹೋದವರಿಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಮಾಸ್ತರರ ಪಾಠ ಬೇಸಿಗೆಯಲ್ಲೇ ಆರಂಭವಾಯಿತು. ಮಣ್ಣಿನ ರಸ್ತೆಯ ಮೇಲೆ ಅಡ್ಡಡ್ಡಲಾಗಿ, ಪತ್ರಾಸಿನ ತಗಡಿನ ಹಾಗೆ ಅಲೆ ಅಲೆ. ಮೂವತ್ತರ ವೇಗದಲ್ಲಿ ಹೋದರೆ ಹಲ್ಲು ಕಟಕಟ, ನಟ್ಟು ಬೋಲ್ಟು ಸಡಿಲ. ಅನುಭವಿಗಳು ಒಂದು ಉಪಾಯ ಹೇಳಿಕೊಟ್ಟರು: ಎಪ್ಪತ್ತಕ್ಕೆ ಏರಿಸಿ, ಗಾಡಿ ಅಲೆಗಳ ನೆತ್ತಿಯ ಮೇಲೇ ತೇಲಿ ಹೋಗುತ್ತದೆ. ಹೌದು, ತೇಲುತ್ತದೆ. ಟಯರು ಅರ್ಧ ಹೊತ್ತು ಗಾಳಿಯಲ್ಲಿರುವುದರಿಂದ ಬ್ರೇಕಿಗಾಗಲಿ ಸ್ಟೇರಿಂಗಿಗಾಗಲಿ ನೆಲ ಸಿಗುವುದಿಲ್ಲ. ತಿರುವಿನಲ್ಲಿ ಮಗುಚಿಬೀಳುವ ಕಾರುಗಳಲ್ಲಿ ಎಷ್ಟೋ ಹೀಗೆ ಸುಖವಾಗಿ ತೇಲುತ್ತಿದ್ದವೇ. ಈ ಅಲೆಗಳು ಏಕೆ ಹುಟ್ಟುತ್ತವೆ ಎಂಬ ಬಗ್ಗೆ ಕೇಂಬ್ರಿಜ್, ಟೊರಾಂಟೊ ಮೊದಲಾದ ಕಡೆಯ ಭೌತವಿಜ್ಞಾನಿಗಳು 2007ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮರಳಿನ ಹಾಸಿನ ಮೇಲೆ ಚಕ್ರವೊಂದನ್ನು ಸುತ್ತಿಸಿ ನೋಡಿದಾಗ, ಸ್ಪ್ರಿಂಗು ಇರಲಿ ಬಿಡಲಿ, ಒಂದು ಕನಿಷ್ಠ ವೇಗ ದಾಟಿದೊಡನೆ ಅಲೆ ಮೂಡಿಯೇ ಮೂಡುತ್ತಿತ್ತು. ಅಂದರೆ ತಪ್ಪು ಲಾರಿಯದೂ ಅಲ್ಲ, ರಸ್ತೆ ಹಾಕಿದ ಗುತ್ತಿಗೆದಾರನದೂ ಅಲ್ಲ. ಗುತ್ತಿಗೆದಾರನಿಗೆ ಇಷ್ಟು ಅನುಕೂಲವಾದ ಸಂಶೋಧನೆ ಅಪರೂಪ.

ದೊಡೊಮಾ ಸೀಮೆಯಲ್ಲಿ ಮಳೆಗಾಲ ವರ್ಷಕ್ಕೆ ಒಂದೇ. ಡಿಸೆಂಬರಿನಲ್ಲಿ ಹಿಡಿದರೆ ಏಪ್ರಿಲ್ ತನಕ. ಮೊದಲ ಮಳೆ ಬಿದ್ದ ದಿನ ಮಾಸ್ತರರು ಮಣ್ಣಿನ ವಾಸನೆ ಸವಿಯುತ್ತ, ಧೂಳಡಗಿತೆಂದು ಸಂತೋಷಪಡುತ್ತ ಹೊರಟರು. ಹತ್ತು ನಿಮಿಷದಲ್ಲಿ ಕಾರು ಬಾಗಿಲಿನ ಕಡೆಯಿಂದ ಚರಂಡಿಗೆ ಇಳಿದಿತ್ತು. ಹೆಚ್ಚು ವೇಗವೇನೂ ಇರಲಿಲ್ಲ. ಎದುರಿಗೆ ಒಂದು ಆಡು ಬಂತೆಂದು ಬ್ರೇಕು ಒತ್ತಿದರು, ಅಷ್ಟೆ.

ಆ ಕೆಂಪು ರಸ್ತೆಗೆ ಅಲ್ಲಿ ‘ಮೊರಂ’ ರಸ್ತೆ ಎನ್ನುತ್ತಾರೆ. ಹೆಸರು ನಮ್ಮದೇ. ನಮ್ಮ ಕಡೆ ಗರಸು, ಮೊರಂ ಎನ್ನುವ ಮಣ್ಣಿನ ಹೆಸರನ್ನು ಬ್ರಿಟಿಷರ ಕಾಲದ ಇಂಜಿನಿಯರರು ಭಾರತದಿಂದ ಅಲ್ಲಿಗೆ ಒಯ್ದರು. ಅದರ ದೊಡ್ಡಣ್ಣನಾದ ಜಂಬಿಟ್ಟಿಗೆ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಬಂದದ್ದೂ ನಮ್ಮ ಕಡೆಯ ಪ್ರವಾಸದಿಂದಲೇ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯ ಹಾಗೆ ಕೊಯ್ದು ಮನೆ ಕಟ್ಟುವುದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಆ ಹೆಸರಿಟ್ಟ. ಒಣಗಿದಾಗ ಈ ಮಣ್ಣು ಕಲ್ಲಿನಷ್ಟೇ ಗಟ್ಟಿ. ತೊಂದರೆಯಿರುವುದು ಮೇಲೆ ಕೂತ ಧೂಳಿನಲ್ಲಿ. ತಿಂಗಳುಗಟ್ಟಲೆ ಗಾಲಿಗಳು ಅರೆದಿಟ್ಟ ಹಿಟ್ಟಿನಂಥ ಧೂಳಿಗೆ ಮೊದಲ ಮಳೆಯ ನಾಲ್ಕು ಹನಿ ಬಿದ್ದರೆ ಅದು ತೆಳುವಾದ ಲೇಹವಾಗುತ್ತದೆ. ಅಡಿಯಲ್ಲಿ ಗಟ್ಟಿ ನೆಲ, ಮೇಲೆ ಲೇಹ. ಎಣ್ಣೆ ಸವರಿದ ಕಡಪ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಜೋರು ಮಳೆ ಬಂದು ತೊಳೆದುಕೊಂಡು ಹೋದ ಮೇಲೆ ಅದೇ ರಸ್ತೆ ಎಷ್ಟೋ ಮೇಲು. ನೀರು ಹರಿದು ಹೋಗಲೆಂದು ರಸ್ತೆಯ ನಡುವನ್ನು ಆಮೆಯ ಬೆನ್ನಿನಂತೆ ಎತ್ತರಿಸಿರುತ್ತಾರೆ. ಹಿಡಿತ ತಪ್ಪಿದ ಕಾರು ಆ ಇಳಿಜಾರನ್ನೇ ಹಿಡಿದು, ಯಾರೋ ಕೈಹಿಡಿದು ಕರೆದೊಯ್ದಂತೆ ನಿಧಾನವಾಗಿ ಚರಂಡಿ ಸೇರುತ್ತದೆ. ಬ್ರೇಕು ಒತ್ತಿದರಂತೂ ಗಾಲಿ ಉರುಳುವುದನ್ನು ನಿಲ್ಲಿಸಿ ಜಾರುವುದನ್ನು ಆರಂಭಿಸುತ್ತದೆ. ಆಗ ಸ್ಟೇರಿಂಗ್ ಎತ್ತ ತಿರುಗಿಸಿದರೂ ಅಷ್ಟೆ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಹಿಂಭಾಗ ಯಾವ ಕಡೆ ಜಾರುತ್ತಿದೆಯೋ ಮುಂದಿನ ಗಾಲಿಯನ್ನು ಆ ಕಡೆಗೇ ಮೆಲ್ಲಗೆ ಹೊರಳಿಸಬೇಕು. ಇದನ್ನು ಮಾಸ್ತರರು ಆಮೇಲೆ ಕಲಿತರು.

ಹಾದಿಹೋಕರು ಬಂದು ಕಾರನ್ನು ಎತ್ತಿ ರಸ್ತೆಗೆ ಇಟ್ಟರು. ಬಂದವರೆಲ್ಲ ಮೊದಲು ಹೇಳಿದ್ದು ‘ಪೋಲೆ’ ಎಂದು. ಕಷ್ಟಕ್ಕೆ ಒಳಗಾದವರಿಗೆ ಹೇಳುವ ಸಮಾಧಾನದ ಮಾತು ಅದು, ‘ಅಯ್ಯೋ ಪಾಪ’ ಎಂದ ಹಾಗೆ. ಅದನ್ನೇ ಎರಡು ಸಲ ಹೇಳಿದರೆ, ‘ಪೋಲೆ ಪೋಲೆ’ ಎಂದರೆ, ‘ನಿಧಾನ, ನಿಧಾನ’. ಹೊರಡುವಾಗ ಅದನ್ನೂ ಹೇಳಿದರು.

ಎರಡನೆಯ ಅನಾಹುತಕ್ಕೆ ಮಾತ್ರ ಕ್ಷಮೆಯಿಲ್ಲ. ಆ ಕಡೆ ತಗ್ಗಿನ ಬಯಲುಗಳಿಗೆ ‘ಂಬುಗ’ ಎನ್ನುತ್ತಾರೆ, ಬಾಯಿ ಮುಚ್ಚಿ ‘ಮ್’ ಎಂದು ತೊಡಗಿ ‘ಬುಗ’ ಎಂದು ಮುಗಿಸಬೇಕು. ಅಲ್ಲಿ ಕೆಂಪು ಮಣ್ಣು ಮುಗಿದು ಕಪ್ಪು ಮಣ್ಣು ಶುರು. ನವಲಗುಂದದ ಎರೆಯ ತದ್ರೂಪು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಯಲ್ಲಿ ಅಂಟು. ಇದರ ಗುಟ್ಟು ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯಲ್ಲಿದೆ. ಅದರ ಕಣ ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಪದರಗಳ ನಡುವೆ ನೀರು ನುಗ್ಗಿ ಅವನ್ನು ದೂರ ತಳ್ಳುತ್ತದೆ. ಮಣ್ಣು ಉಬ್ಬುತ್ತದೆ, ಬಿಡಿಸಲಾಗದ ಅಂಟಾಗುತ್ತದೆ. ಮಾಸ್ತರರ ತಂದೆ ಎರೆ ಹಸಿಯಿದ್ದಾಗ ಚಕ್ಕಡಿ ಹೂಡಿದವರಲ್ಲ. “ಎತ್ತಿನ ಜೀವ ತಿನ್ನಬ್ಯಾಡ್ರಿ” ಎಂದು ಬೈಯುತ್ತಿದ್ದರು. ಅಂಥವರ ಮಗ, ಮೋಟಾರು ಗಾಡಿಗೆ ಎತ್ತಿನ ನಿಯಮ ಅನ್ವಯಿಸುವುದಿಲ್ಲವೆಂಬ ಧೈರ್ಯದಿಂದ ಮಳೆ ನಿಂತ ಅರ್ಧ ಗಂಟೆಗೆ ಆ ಬಯಲಿಗೆ ಕಾರು ಇಳಿಸಿದರು.

ಐವತ್ತು ಗಜ ಹೋಗುವಷ್ಟರಲ್ಲಿ ಟಯರಿಗೆ ಮಣ್ಣು ಸುತ್ತಿ ಸುತ್ತಿ ಮಡ್‌ಗಾರ್ಡಿನ ತುಂಬ ಕಚ್ಚಿಕೊಂಡಿತು. ಮುಂದಿನ ಗಾಲಿಗಳು ತಿರುಗುವುದನ್ನೇ ಬಿಟ್ಟವು. ಹಿಂದಿನ ಎರಡರಲ್ಲಿ ಒಂದು ಮಾತ್ರ ಗರಗರ ತಿರುಗುತ್ತ ತನ್ನ ಗುಂಡಿ ತಾನೇ ತೋಡಿಕೊಂಡಿತು, ಇನ್ನೊಂದು ಸುಮ್ಮನಿತ್ತು. ಸ್ಪೀಡೋಮೀಟರು 40 ಎನ್ನುತ್ತಿದೆ, ಕಾರು ಬೆರಳಷ್ಟೂ ಸರಿದಿಲ್ಲ. ಇದು ಡಿಫರೆನ್ಶಿಯಲ್ ಎಂಬ ಗೇರುಗಳ ಪೆಟ್ಟಿಗೆಯ ಕರಾಮತ್ತು. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ಸುತ್ತಬೇಕಲ್ಲ, ಅದಕ್ಕೆ ಅನುವು ಮಾಡಿಕೊಡಲು ಈ ಏರ್ಪಾಡು. ಅದು ಎರಡೂ ಗಾಲಿಗೆ ಸಮನಾದ ಬಲವನ್ನೇ ಹಂಚುತ್ತದೆ. ಒಂದು ಗಾಲಿ ಜಾರುತ್ತಿದ್ದರೆ ಅದನ್ನು ತಿರುಗಿಸಲು ಬಲವೇ ಬೇಡ. ಹಾಗಾಗಿ ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ, ಅಂದರೆ ಏನೂ ಇಲ್ಲ. ಮನೆಯಲ್ಲಿ ಒಬ್ಬ ಮಗ ಉಂಡಾಡಿಯಾದರೆ ದುಡಿಯುವವನ ಪಾಲಿಗೂ ಏನೂ ದಕ್ಕದ ಹಾಗೆ. ಹ್ಯಾಂಡ್ ಬ್ರೇಕನ್ನು ಅರ್ಧ ಎಳೆದು ಉಂಡಾಡಿಯನ್ನು ಸ್ವಲ್ಪ ತಡೆದರೆ ಇನ್ನೊಂದಕ್ಕೆ ಬಲ ಹೋಗುತ್ತದೆ. ಟಯರಿನ ಗಾಳಿ ಕಡಿಮೆ ಮಾಡಿದರೆ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ. ಇದೆಲ್ಲ ಮಾಡಿ, ಜಾಲಿಯ ಟೊಂಗೆ, ಗೋಣಿತಟ್ಟು ಗಾಲಿಯ ಕೆಳಗೆ ತುರುಕಿ, ಹನ್ನೆರಡು ಹುಡುಗರು ತಳ್ಳಿದ ಮೇಲೆ ಕಾರು ಹೊರಬಂತು. ಹಿಂದೆ ನಿಂತು ತಳ್ಳಿದವರ ಮುಖಗಳಲ್ಲಿ ಯಾರದು ಯಾವುದೆಂದು ಮರುದಿನ ಹಾಜರಿ ತೆಗೆದುಕೊಂಡಾಗಲೇ ತಿಳಿದದ್ದು.

ಆಫ್ರಿಕದ ಇನ್ನೊಂದು ಮೂಲೆಯಲ್ಲಿ, ಕ್ಯಾಮರೂನ್ ಮತ್ತು ಅದರ ಸುತ್ತಿನ ಫ್ರೆಂಚ್ ಮಾತಿನ ದೇಶಗಳಲ್ಲಿ, ಇದಕ್ಕೊಂದು ಸರ್ಕಾರಿ ಪರಿಹಾರವಿದೆ: ಮಳೆ ಗೇಟು. ಮಣ್ಣಿನ ರಸ್ತೆಗೆ ಅಡ್ಡಲಾಗಿ, ನಮ್ಮ ರೈಲ್ವೆ ಗೇಟಿನ ಹಾಗೆ ಒಂದು ಮರದ ದಿಮ್ಮಿ. ಮಳೆ ಬಂದರೆ ಅದು ಇಳಿಯುತ್ತದೆ. ನಿಂತು ಕೆಲವು ಗಂಟೆಯಾಗಿ ರಸ್ತೆ ಆರುವವರೆಗೆ ಭಾರದ ಗಾಡಿ ಬಿಡುವುದಿಲ್ಲ. ಒಣಗಿದ ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದು ಲಾರಿಯ ಭಾರ ಹೊರುತ್ತವೆ. ನೀರು ತುಂಬಿದಾಗ ಭಾರವನ್ನು ನೀರು ಹೊರುತ್ತದೆ, ಕಣಗಳು ಬೇರೆಯಾಗುತ್ತವೆ. ಒಂದು ಲಾರಿ ಅಂಥ ಹೊತ್ತಿನಲ್ಲಿ ಹೋದರೆ ವರ್ಷದ ರಸ್ತೆ ಒಂದು ದಿನಕ್ಕೆ ಹಾಳು. ಗೇಟಿನ ಬಳಿ ಚಹಾ, ಸುಟ್ಟ ಮೀನು ಮಾರುವವರ ಸಂತೆಯೇ ನೆರೆಯುತ್ತದೆ. ದಾರಿ ಮಧ್ಯೆ ಮೂರು ಗಂಟೆ ಕೂರಿಸಿದರೆ ನಮ್ಮ ಕಡೆಯವರು ಗೇಟು ಕಿತ್ತೊಗೆಯುತ್ತಿದ್ದರೇನೋ.

ಟಾಂಜಾನಿಯಾದ ಆ ರಸ್ತೆಯಲ್ಲಿ ಗೇಟು ಇರಲಿಲ್ಲ. ಕಾಯಬೇಕೋ ಬೇಡವೋ ಎಂಬುದನ್ನು ಅವರವರೇ ತೀರ್ಮಾನಿಸಬೇಕಿತ್ತು.

ಎರಡನೆಯ ವರ್ಷದ ಫೆಬ್ರವರಿ. ಮಾಸ್ತರರ ಹೆಂಡತಿ, ನಾಲ್ಕು ವರ್ಷದ ಮಗಳೊಡನೆ ಬೊಂಬಾಯಿಯಿಂದ ವಿಮಾನದಲ್ಲಿ ದಾರ್ ಎಸ್ ಸಲಾಮಿಗೆ ಬಂದು, ಅಲ್ಲಿಂದ ರಾತ್ರಿ ರೈಲಿನಲ್ಲಿ ಬೆಳಿಗ್ಗೆ ದೊಡೊಮಾ ತಲುಪುವವರಿದ್ದರು. ಆಕೆಗೆ ಕನ್ನಡ ಬಿಟ್ಟರೆ ಅಷ್ಟಿಷ್ಟು ಹಿಂದಿ. ಮಾಸ್ತರರು ನಸುಕಿನ ನಾಲ್ಕಕ್ಕೇ ಕಾರು ಹೊರಡಿಸಿದರು. ಮಳೆ ಇರಲಿಲ್ಲ, ಆಕಾಶದಲ್ಲಿ ನಕ್ಷತ್ರಗಳಿದ್ದವು. ಐದೂವರೆಗೆ ಕೊರೊಂಗೊ ಅಡ್ಡ ಬಂತು.

ಕೊರೊಂಗೊ ಎಂದರೆ ಹಳ್ಳ. ವರ್ಷದ ಹೆಚ್ಚು ದಿನ ಬರೀ ಉಸುಕು. ಸೇತುವೆ ಕಟ್ಟುವಷ್ಟು ಹಣವಿಲ್ಲದ ಕಡೆ ಹಳ್ಳದ ತಳಕ್ಕೇ ಕಾಂಕ್ರೀಟು ಹಾಸಿ ದಾಟು ಮಾಡಿರುತ್ತಾರೆ, ಅದಕ್ಕೆ ಅಲ್ಲಿ ‘ಡ್ರಿಫ್ಟ್’ ಎನ್ನುತ್ತಾರೆ. ಅಂದು ಆ ದಾಟಿನ ಮೇಲೆ ಕೆನೆಗೆಂಪು ನೀರು ಸದ್ದು ಮಾಡುತ್ತ ಹರಿಯುತ್ತಿತ್ತು. ತಲೆಯ ಮೇಲೆ ಮಳೆಯಿಲ್ಲದಿದ್ದರೇನು, ಮೂವತ್ತು ನಲವತ್ತು ಕಿಲೋಮೀಟರು ಮೇಲೆ ಗುಡ್ಡಗಳಲ್ಲಿ ಹಿಂದಿನ ರಾತ್ರಿ ಸುರಿದಿತ್ತು. ಬಿಸಿಲಿಗೆ ಬೆಂದು ಗಟ್ಟಿಯಾದ ನೆಲ ನೀರು ಹೀರುವುದಿಲ್ಲ, ತಗಡಿನ ಮಾಳಿಗೆಯ ಹಾಗೆ ಅಷ್ಟನ್ನೂ ಹಳ್ಳಕ್ಕೆ ಸುರಿಯುತ್ತದೆ. ನವಲಗುಂದದವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಣ್ಣೆಹಳ್ಳ ಹೀಗೆಯೇ ಇದ್ದಕ್ಕಿದ್ದ ಹಾಗೆ ಏರಿ ಎರೆ ಹೊಲಗಳನ್ನು ನುಂಗುತ್ತದೆ.

ದಡದಲ್ಲಿ ಜೋಳದ ಚೀಲ ಹೇರಿಕೊಂಡ ಲಾರಿಯೊಂದು ನಿಂತಿತ್ತು. ನರೆತ ಗಡ್ಡದ ಚಾಲಕ ನೀರಿನ ಅಂಚಿಗೆ ಒಂದು ಕಲ್ಲಿಟ್ಟು, ಬೆಂಕಿ ಹಾಕಿಕೊಂಡು ಕೂತಿದ್ದ. ಕಲ್ಲು ಮುಳುಗಿದರೆ ನೀರು ಏರುತ್ತಿದೆ, ಅಂಚು ಕಲ್ಲು ಬಿಟ್ಟು ದೂರ ಸರಿದರೆ ಇಳಿಯುತ್ತಿದೆ. ಮಾಸ್ತರರು ತಮ್ಮ ಅವಸರ ಹೇಳಿಕೊಂಡರು. ರೈಲು, ಹೆಂಡತಿ, ಮಗು, ಭಾಷೆ ಬಾರದ ಊರು. ಚಾಲಕ ಎಲ್ಲ ಕೇಳಿ ‘ಪೋಲೆ, ಮ್ವಾಲಿಮು’ ಎಂದ. ಅಷ್ಟೇ. ಏಳೂ ಟನ್ನಿನ ಲಾರಿ, ಎತ್ತರದ ಗಾಲಿ, ಕಿಡಿಯ ಹಂಗಿಲ್ಲದ ಡೀಸೆಲ್ ಇಂಜಿನು, ಇಷ್ಟೆಲ್ಲ ಇದ್ದವನೇ ಕೂತಿದ್ದಾನೆ ಎಂಬುದು ಮಾಸ್ತರರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮೂರು ಸಲ ಕಾರಿನಲ್ಲಿ ಕೂತು ಇಳಿದರು. ನೀರು ಮೊಣಕಾಲು ಮುಟ್ಟುವ ಹಾಗೂ ಕಾಣುತ್ತಿರಲಿಲ್ಲ.

ಒಂಬತ್ತರ ಹೊತ್ತಿಗೆ ಹಿಂದಿನಿಂದ ಪಿಕಪ್ಪೊಂದು ಬಂತು. ಮುಂದೆ ಇಬ್ಬರು, ಹಿಂದೆ ಒಬ್ಬ ಹುಡುಗ. ಲಾರಿಯವನು ಎದ್ದು ಕೈ ಅಡ್ಡ ಹಿಡಿದ. ಅವರು ನಕ್ಕು, ಬಳಸಿಕೊಂಡು ಇಳಿದೇಬಿಟ್ಟರು. ಹಳ್ಳದ ನಡುವಿನವರೆಗೆ ಸರಿಯಾಗಿಯೇ ಹೋದರು. ಆಮೇಲೆ ಪಿಕಪ್ಪಿನ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಸರಿಯಿತು, ದಾಟಿನ ಅಂಚಿನಿಂದ ಕೆಳಗಿಳಿಯಿತು, ಮಗುಚಿತು. ಸದ್ದು ಕೂಡ ಹೆಚ್ಚಿರಲಿಲ್ಲ. ಇಬ್ಬರು ಕೆಳಗಡೆ ಒಂದು ಮರಕ್ಕೆ ಸಿಕ್ಕಿಕೊಂಡರು, ಲಾರಿಯ ಹಗ್ಗದಿಂದ ಅವರನ್ನು ಎಳೆದುಕೊಂಡದ್ದಾಯಿತು. ಹುಡುಗ ಸಿಗಲಿಲ್ಲ. ಎರಡು ದಿನದ ಮೇಲೆ ಸಿಕ್ಕಿದ.

ಮುಂದಿನ ವಾರ ಮಾಸ್ತರರು ತರಗತಿಯಲ್ಲಿ ಆರ್ಕಿಮಿಡೀಸನ ತತ್ವ ಕಲಿಸಬೇಕಿತ್ತು. ಪಠ್ಯದಲ್ಲಿದ್ದದ್ದು ಕಿರೀಟದ ಕಥೆ. ಅವರು ತಮ್ಮ ಕಾರನ್ನೇ ಬೋರ್ಡಿನ ಮೇಲೆ ಬರೆದರು. ಲೆಕ್ಕ ಸುಲಭವಾಗಲೆಂದು ತೂಕ 1200 ಕೆ.ಜಿ. ಎಂದಿಟ್ಟುಕೊಂಡರು. ತಳದ ವಿಸ್ತೀರ್ಣ 5 ಚದರ ಮೀಟರು, ತಳಕ್ಕೂ ನೆಲಕ್ಕೂ ಅಂತರ 18 ಸೆಂಟಿಮೀಟರು. ನೀರು 18 ಸೆಂ.ಮೀ. ದಾಟಿದ ಮೇಲೆ ಏರುವ ಪ್ರತಿ ಸೆಂಟಿಮೀಟರಿಗೂ ಕಾರು 50 ಲೀಟರು ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಅಷ್ಟಕ್ಕೆ 50 ಕೆ.ಜಿ. ಭಾರ ಕಳೆದುಕೊಳ್ಳುತ್ತದೆ. ಬಾಗಿಲ ಸಂದಿಯಿಂದ ನೀರು ಒಳಗೆ ಬರುತ್ತದೆ, ಆದರೆ ಅದಕ್ಕೆ ಹೊತ್ತು ಬೇಕು. 16 ಸೆಂಟಿಮೀಟರು ಏರಿದರೆ 800 ಕೆ.ಜಿ. ಹೋಯಿತು. ಉಳಿದದ್ದು 400. ಒಟ್ಟು ಆಳ ಎಷ್ಟಾಯಿತು? 34 ಸೆಂಟಿಮೀಟರು. ದೊಡ್ಡವರ ಮೊಣಕಾಲಿಗಿಂತ ಕೆಳಗೆ.

ಪಾಚಿ, ಕೆಸರು ಹತ್ತಿದ ಕಾಂಕ್ರೀಟಿನ ಮೇಲೆ ಟಯರಿನ ಹಿಡಿತ ಭಾರದ ಮೂರನೆಯ ಒಂದು ಪಾಲು ಎಂದುಕೊಂಡರೆ, ಕಾರನ್ನು ನೆಲಕ್ಕೆ ಹಿಡಿದಿಟ್ಟಿರುವುದು ಸುಮಾರು 130 ಕೆ.ಜಿ. ಭಾರದಷ್ಟು ಬಲ. ಇನ್ನು ಪಕ್ಕದಿಂದ ನೂಕುವ ನೀರು. ಸೆಕೆಂಡಿಗೆ 1 ಮೀಟರು, ಅಂದರೆ ನಿಧಾನವಾಗಿ ನಡೆಯುವವರ ವೇಗದಲ್ಲಿ ಹರಿದರೆ ಅದು ಕಾರಿನ ಪಕ್ಕೆಗೆ ಕೊಡುವ ತಳ್ಳು ಸುಮಾರು 40 ಕೆ.ಜಿ.ಯಷ್ಟು. ಕಾರು ಕದಲುವುದಿಲ್ಲ. ವೇಗ ಎರಡು ಪಟ್ಟಾದರೆ? ಮಕ್ಕಳು 80 ಎಂದರು. ನೀರಿನ ತಳ್ಳು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದು 160. ಅದೇ ಆಳ, ಅದೇ ಕಾರು, ಅದೇ ಚಾಲಕ. ದಡದಲ್ಲಿ ನಿಂತವರ ಕಣ್ಣಿಗೆ ನೀರು ಸ್ವಲ್ಪ ಚುರುಕಾಗಿದೆ, ಅಷ್ಟೇ. ಇಂಜಿನಿನ ಶಕ್ತಿ, ಚಾಲಕನ ಕೈಚಳಕ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಮಾಸ್ತರರು ಎರಡು ಸಲ ಹೇಳಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಇಷ್ಟೆಲ್ಲ ಬರೆಯುವುದೇಕೆ, ನಮ್ಮೂರಲ್ಲಿ ಆಕಳು ಇಳಿಯದ ನೀರಿಗೆ ಯಾರೂ ಇಳಿಯುವುದಿಲ್ಲ ಎಂದ.

ಆದರೂ ಇಳಿಯುತ್ತಾರೆ. 2021ರ ಡಿಸೆಂಬರ್ 4ರಂದು ನೆರೆಯ ಕೀನ್ಯಾದ ಕಿಟುಯಿ ಜಿಲ್ಲೆಯಲ್ಲಿ, ಮ್ವಿಂಗಿ ಪಟ್ಟಣದ ಬಳಿ ಎಂಜಿಯು ಎಂಬ ನದಿಯನ್ನು ದಾಟಲು ಹೋಗಿ ಮದುವೆಗೆ ಹೊರಟಿದ್ದ ಜನ ತುಂಬಿದ ಬಸ್ಸೊಂದು ಮಗುಚಿತು. ಸತ್ತವರು ಮೂವತ್ತಕ್ಕೂ ಹೆಚ್ಚು. ದಡದಲ್ಲಿ ನಿಂತ ಜನ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಲೋಕವೆಲ್ಲ ನೋಡಿತು. ಬಸ್ಸು ನಿಧಾನವಾಗಿಯೇ ಇಳಿಯುತ್ತದೆ, ನಡುವಿಗೆ ಹೋಗಿ ಪಕ್ಕಕ್ಕೆ ಸರಿಯುತ್ತದೆ. ಬಸ್ಸು ಕಾರಿಗಿಂತ ಎಷ್ಟೋ ಭಾರ, ನಿಜ. ಅದರ ಪಕ್ಕೆಯೂ ಅಷ್ಟೇ ಉದ್ದ. ಹಗಲು ಹೊತ್ತು, ಎದುರಿಗೇ ಕಾಣುವ ದಡ, ಹಿಂದೆ ಕಾಯುತ್ತಿರುವ ಗಾಡಿಗಳು, ಮುಂದೆ ತಪ್ಪಿಹೋಗುವ ಮುಹೂರ್ತ. ಕೆಸರಿಗೆ ಎಷ್ಟೇ ಹೆದರಿಸಿದರೂ ಅದು ಹೆಚ್ಚೆಂದರೆ ಗಾಡಿಯನ್ನು ಹಿಡಿದು ಕೂರಿಸುತ್ತದೆ. ಮಳೆಗಾಲದ ರಸ್ತೆಯಲ್ಲಿ ಜನ ಸಾಯುವುದು ಬಹಳ ಸಲ ಇಂಥ ಮೊಣಕಾಲುದ್ದದ ನೀರಿನಲ್ಲಿ.

ಅಂದು ನೀರು ಕಲ್ಲು ಬಿಟ್ಟು ಇಳಿಯತೊಡಗಿದ್ದು ಹನ್ನೊಂದರ ಮೇಲೆ. ಎರಡು ಗಂಟೆಗೆ ಲಾರಿಯವನು ಕೋಲು ಹಿಡಿದು ತಾನೇ ಮೊದಲು ನಡೆದು ದಾಟಿದ. ಆಳ ನೋಡುವುದಕ್ಕಲ್ಲ, ಕಾಂಕ್ರೀಟಿನ ತುದಿ ಕೊಚ್ಚಿಹೋಗಿದೆಯೇ ಎಂದು ತಡವಿ ನೋಡುವುದಕ್ಕೆ. ತಿರುಗಿ ಬಂದು ಮಾಸ್ತರರ ಕಾರಿನ ಫ್ಯಾನ್ ಬೆಲ್ಟನ್ನು ಬಿಚ್ಚಿದ, ಇಲ್ಲದಿದ್ದರೆ ಫ್ಯಾನು ನೀರನ್ನು ಎರಚಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತೋಯಿಸುತ್ತದೆ. ಡಿಸ್ಟ್ರಿಬ್ಯೂಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ. ಮೊದಲ ಗೇರು, ಒಂದೇ ವೇಗ, ನಡುವೆ ಗೇರು ಬದಲಿಸಬಾರದು, ಆ ಕಡೆ ಹತ್ತಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಒಣಗಿಸಿಕೊಳ್ಳಬೇಕು, ಇಷ್ಟನ್ನು ಕೈಸನ್ನೆಯಲ್ಲೇ ತಿಳಿಸಿದ. ಆಗ ದಾಟಿನ ಮೇಲೆ ಉಳಿದದ್ದು ಪಾದ ಮುಳುಗುವಷ್ಟು ನೀರು. ಮಾಸ್ತರರ ಕೈ ಆದರೂ ನಡುಗುತ್ತಿತ್ತು.

ದೊಡೊಮಾ ಸ್ಟೇಷನ್ನು ತಲುಪಿದಾಗ ನಾಲ್ಕು ದಾಟಿತ್ತು. ಪ್ಲಾಟ್‌ಫಾರಂ ಖಾಲಿ. ಹಮಾಲಿಯೊಬ್ಬ ಬಜಾರಿನ ಕಡೆ ಕೈ ತೋರಿಸಿದ. ಗುಜರಾತಿ ಅಂಗಡಿಕಾರರ ಮನೆಯಲ್ಲಿ ಮಗಳು ಉಂಡು ಮಲಗಿದ್ದಳು, ಹೆಂಡತಿ ಬಾಗಿಲಲ್ಲೇ ಕೂತಿದ್ದರು. ಮಳೆಗಾಲದಲ್ಲಿ ಇರಿಂಗಾ ರಸ್ತೆಯಿಂದ ಬರಬೇಕಾದವರು ಬಾರದಿದ್ದರೆ ಗಾಬರಿಪಡಬಾರದು, ಬಂದರೇ ಆಶ್ಚರ್ಯಪಡಬೇಕು ಎಂದು ಆ ಮನೆಯ ಅಜ್ಜಿ ಹಿಂದಿಯಲ್ಲಿ ಸಮಾಧಾನ ಹೇಳಿದ್ದರಂತೆ. ಹಳ್ಳ ಬಂದಿತ್ತು ಎಂದಷ್ಟೇ ಮಾಸ್ತರರು ಹೇಳಿದರು. ಪಿಕಪ್ಪಿನ ಮಾತು ಎತ್ತಲಿಲ್ಲ.

ಮೂರು ದಿನ ಬಿಟ್ಟು ಶಾಲೆಗೆ ಹೊರಟರು. ಕೊರೊಂಗೊ ಬಂದಾಗ ಅದರಲ್ಲಿ ನೀರೇ ಇರಲಿಲ್ಲ. ದಾಟಿನ ಎರಡೂ ಕಡೆ ಬೆಳ್ಳನೆಯ ಉಸುಕು. ಹೆಂಗಸರು ಅದರಲ್ಲಿ ಒರತೆ ತೋಡಿ, ಸೋರೆ ಬುರುಡೆಯಿಂದ ಮೊಗೆದು ಕೊಡ ತುಂಬುತ್ತಿದ್ದರು. ಹೆಂಡತಿ ಅತ್ತಿತ್ತ ನೋಡಿ, “ಎಲ್ಲೈತ್ರಿ ನಿಮ್ಮ ಹೊಳಿ? ಇಷ್ಟು ಉಸುಕಿಗೆ ಹೆದರಿ ನಮ್ಮನ್ನ ದಿನಾಪೂರ್ತಿ ಕೂಡ್ರಿಸಿದ್ರೇನು?” ಎಂದರು.

ಮಾಸ್ತರರು ದಾಟಿನ ಮೇಲೆ ನಿಲ್ಲಿಸದೆ ಆ ಕಡೆಯ ದಡ ಹತ್ತಿ ಕಾರು ನಿಲ್ಲಿಸಿದರು. ಕೆಳಗಡೆಯ ಜಾಲಿ ಮರವನ್ನು ತೋರಿಸಿದರು. ಅದರ ಟೊಂಗೆಗಳಲ್ಲಿ, ಆಳೆತ್ತರಕ್ಕೂ ಮೇಲೆ, ಒಣ ಹುಲ್ಲು, ಕಡ್ಡಿ, ಒಂದು ಹರಿದ ಗೋಣಿಚೀಲ ಸಿಕ್ಕಿಕೊಂಡು ತೂಗುತ್ತಿದ್ದವು. ಅದರಾಚೆ ಉಸುಕಿನಲ್ಲಿ ಅರ್ಧ ಹೂತ ಪಿಕಪ್ಪಿನ ಒಂದು ಗಾಲಿ ಮೇಲಕ್ಕೆ ಮುಖ ಮಾಡಿತ್ತು. ಬೆಣ್ಣೆಹಳ್ಳದ ದಂಡೆಯಲ್ಲೇ ಹುಟ್ಟಿ ಬೆಳೆದ ಆಕೆ ಹುಲ್ಲನ್ನು ನೋಡಿದರು, ಗಾಲಿಯನ್ನು ನೋಡಿದರು. “ಎಷ್ಟು ಮಂದಿ ಇದ್ರು?” ಎಂದು ಕೇಳಿದರು.

ಅಷ್ಟರಲ್ಲಿ ಮಗಳು ಕಾರಿನಿಂದ ಇಳಿದು ಉಸುಕಿಗೆ ಓಡಿದ್ದಳು. ಮಾಸ್ತರರು ಎಂದೂ ಕೂಗದ ದನಿಯಲ್ಲಿ ಅವಳನ್ನು ಕೂಗಿದರು, ಇಳಿದು ಹೋಗಿ ಎತ್ತಿಕೊಂಡು ಬಂದರು. ಬರುವಾಗ ಹಳ್ಳದ ಮೇಲುಗಡೆ, ದೂರದ ಗುಡ್ಡಗಳ ಕಡೆ ಒಮ್ಮೆ ನೋಡಿದರು. ಅಲ್ಲಿ ಮೋಡ ಇರಲಿಲ್ಲ.